ಎಫ್.ಸಿ. ಇಲ್ಲದ ಕಾರಿನಲ್ಲಿ ಇಬ್ಬರು ಮಾಲೀಕರು

ನಮ್ಮ ಹರಿಹರದಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವನಿಗೆ ಕೆಲಸ ಹೆಚ್ಚುತ್ತದೆ. ಹೇಳಬೇಕಾದದ್ದನ್ನೆಲ್ಲ ಅವನ ಕಡೆ ತಿರುಗಿ ‘ಅವನಿಗೆ ಹೇಳಪ್ಪ’ ಎಂದು ಶುರು ಮಾಡುತ್ತಾರೆ. ಅವನು ಹೋಗಿ ಹೇಳಬೇಕು, ಅಲ್ಲಿಂದ ಉತ್ತರ ತರಬೇಕು. ಮೂರನೆಯವನು ಸಿಗದಿದ್ದರೆ ಗೋಡೆಗೋ ಎಮ್ಮೆಗೋ ಹೇಳುವುದೂ ಉಂಟು. ಹೀಗೇ ವರ್ಷಗಟ್ಟಲೆ ಸಂಸಾರ ಮಾಡಿದ ಗಂಡ ಹೆಂಡತಿ ನಮ್ಮ ಕೇರಿಯಲ್ಲೇ ಇದ್ದರು. ಇದರಲ್ಲಿ ಒಂದು ಅನುಕೂಲ ಇದೆ ಅನ್ನಿ, ಜಗಳ ದೊಡ್ಡದಾಗುವುದಿಲ್ಲ. ಆದರೆ ಮುಗಿಯುವುದೂ ಇಲ್ಲ.

ನಾನು ಹೇಳಹೊರಟಿರುವುದು ಕಾಳಿನ ವ್ಯಾಪಾರಿ ವಾಮದೇವಪ್ಪನವರ ಮತ್ತು ಡ್ರೈವರ್ ಮಕ್ತುಮ್ ಸಾಬರ ವಿಷಯ. ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ಹರಿಹರದ ರೈಲ್ವೆ ಸ್ಟೇಷನ್ ಮುಂದೆ ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಇವರದೂ ಒಂದು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬಂದ, ಕಪ್ಪು ಬಣ್ಣದ, ಅಗಲ ಹೊಟ್ಟೆಯ ವಿಲಾಯತಿ ಗಾಡಿ. ಕೊಳ್ಳುವಾಗ ವಾಮದೇವಪ್ಪನವರು ಅಂಗಡಿಯ ಗಂಟು ಬಿಚ್ಚಿದ್ದರು, ಮಕ್ತುಮ್ ಸಾಬರು ಹೆಂಡತಿ ಬೀಬಿಜಾನಳ ಕೈಬಳೆ ಬಿಚ್ಚಿಸಿದ್ದರು. ಹಾಗಾಗಿ ಕಾಗದದಲ್ಲಿ ಇಬ್ಬರ ಹೆಸರೂ ಇತ್ತು. ಬಾಡಿಗೆ ಒಪ್ಪಿಕೊಳ್ಳುವವರು ಅವರು, ಓಡಿಸುವವರು ಇವರು. ಇವರು ‘ವಾಮದೇವಣ್ಣ’ ಎಂದರೆ ಅವರು ‘ಮಕ್ತುಮ’ ಎನ್ನುವರು. ರಂಜಾನಿಗೆ ಆ ಮನೆಗೆ ಸುರಕುಂಬಾ ಪಾಯಸ, ಉಗಾದಿಗೆ ಈ ಮನೆಗೆ ಹೋಳಿಗೆ. ನೋಡಿದವರಿಗೆ ಹೊಟ್ಟೆ ಉರಿಯುವಷ್ಟು ಅನ್ಯೋನ್ಯವಾಗಿದ್ದರು.

ಕೆಟ್ಟದ್ದು ಧರ್ಮಸ್ಥಳದ ಬಾಡಿಗೆಯಿಂದ. ಊರಿನ ಜವಳಿ ವ್ಯಾಪಾರಿಯೊಬ್ಬರ ಮನೆಯವರನ್ನು ಧರ್ಮಸ್ಥಳಕ್ಕೆ ಕಳಿಸುವುದಾಗಿ ವಾಮದೇವಪ್ಪನವರು ಮಾತು ಕೊಟ್ಟಿದ್ದರು. ಹೊರಡುವ ಹಿಂದಿನ ದಿನ ಮಕ್ತುಮ್ ಸಾಬರು, ಗಾಡಿ ಘಾಟಿಗೆ ಆಗುವುದಿಲ್ಲ ಎಂದರು. ಜನ ತುಂಬಿಕೊಂಡು ಉದ್ದದ ಇಳಿಜಾರು ಇಳಿದರೆ ಬ್ರೇಕು ಕಾಯುತ್ತದೆ, ಕಾದ ಮೇಲೆ ಪೆಡಲು ಸೀದಾ ನೆಲ ಮುಟ್ಟುತ್ತದೆ, ಹೋದ ತಿಂಗಳು ಶಿವಮೊಗ್ಗದ ಆಚೆ ಹಾಗಾಗಿ ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ನಿಲ್ಲಿಸಿದೆ ಎಂದರು. ವಾಮದೇವಪ್ಪನವರು ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಚಕ್ರ ಬಿಚ್ಚಿ ನೋಡಿದ, ತಣ್ಣಗಿದ್ದ ಬ್ರೇಕನ್ನು ಒತ್ತಿ ನೋಡಿದ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದ. ಮಕ್ತುಮ್ ಸಾಬರು ಆದರೂ ಹೊರಡಲಿಲ್ಲ. ಹೊರಡದವರು ಮನೆಯಲ್ಲಾದರೂ ಕೂತಿದ್ದರೆ ಚೆನ್ನಾಗಿತ್ತು. ಅದೇ ದಿನ ಮಲೆಬೆನ್ನೂರಿನಲ್ಲಿ ತಂಗಿಯ ಮಗಳು ಶಹರ್ಬಾನುವಿನ ನಿಕಾ ಇತ್ತು, ಬಸ್ಸು ಹತ್ತಿ ಅಲ್ಲಿಗೆ ಹೋದರು.

ಕೊಟ್ಟ ಮಾತು ತಪ್ಪಿತೆಂದು ಜವಳಿ ವ್ಯಾಪಾರಿಯಿಂದ ಬೈಸಿಕೊಂಡಿದ್ದ ವಾಮದೇವಪ್ಪನವರು ಮರುದಿನ ಸ್ಟ್ಯಾಂಡಿಗೆ ಬಂದರು. ಟಾಂಗಾದವರು, ಹಮಾಲರು, ರೈಲಿಗೆ ಬಂದ ಜನ ಎಲ್ಲ ಇದ್ದರು.

“ನಿಕಾ ಊಟಕ್ಕೆ ಹೋಗಬೇಕಂತ ಪಾಪದ ಬ್ರೇಕಿನ ಮ್ಯಾಲೆ ಹಾಕಿದ ನೋಡ್ರಿ. ಇವನು ಇಷ್ಟು ಸುಳ್ಳ ಅಂತ ನನಗೆ ಗೊತ್ತಿರಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ತುಮ್ ಸಾಬರು ಕಾರಿನ ಬಾಗಿಲು ಹಾಕಿ ಮನೆಗೆ ಹೋದರು. ಎಷ್ಟೋ ದಿನ ಗಾಡಿ ಮುಟ್ಟಲಿಲ್ಲ. ಉಗಾದಿ ಕಳೆದ ಮೇಲೆ ಯಾಕೋ ಮನಸ್ಸು ಬದಲಾಯಿಸಿ ಬಂದು ಸ್ಟಿಯರಿಂಗ್ ಹಿಡಿದರು. ಆದರೆ ಮಾತಿಲ್ಲ. ಊರೊಳಗೆ, ದಾವಣಗೆರೆಗೆ, ಮಲೆಬೆನ್ನೂರಿಗೆ, ಹೀಗೆ ರಸ್ತೆ ಸಮ ಇರುವ ಕಡೆ ಮಾತ್ರ ಹೋಗುತ್ತಿದ್ದರು. ಘಾಟಿಯ ಬಾಡಿಗೆ ಬಂದರೆ ಒಲ್ಲೆ ಎನ್ನುತ್ತಿದ್ದರು. ವಾಮದೇವಪ್ಪನವರು ಅದನ್ನು ಹಟ ಎಂದು ತಿಳಿದರು.

ಇಬ್ಬರ ನಡುವಿನ ಮೂರನೆಯವನು ಕರಿಯಣ್ಣ. ಸ್ಟ್ಯಾಂಡಿಗೂ ವಾಮದೇವಪ್ಪನವರ ಅಂಗಡಿಗೂ ಮಧ್ಯೆ ಅವನ ಚಹಾದ ಹೋಟೆಲು. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವವರು ಉಪ್ಪುಖಾರ ಹಚ್ಚುವ ಜನ. ಕರಿಯಣ್ಣ ಉಲ್ಟಾ ಮನುಷ್ಯ, ಇದ್ದ ಖಾರವನ್ನೂ ತೊಳೆದು ಕೊಡುತ್ತಿದ್ದ. ‘ಆ ಸುಳ್ಳನಿಗೆ ಹೇಳು, ಟಯರಿನ ಗಾಳಿಯಾದ್ರೂ ನೋಡ್ಕೊಳ್ಳಲಿ’ ಎಂದು ಅಂಗಡಿಯಿಂದ ಹೊರಟ ಮಾತು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ‘ಸಾವ್ಕಾರ್ರು ಟಯರ್ ಹುಷಾರು ಅಂದ್ರು’ ಎಂದಾಗುತ್ತಿತ್ತು. ಬೈಗುಳ ಜಾಸ್ತಿಯಿದ್ದು ತೊಳೆಯಲು ಆಗದಿದ್ದರೆ ಇಡೀ ಮಾತನ್ನೇ ನುಂಗಿಬಿಡುತ್ತಿದ್ದ.

ಎಫ್.ಸಿ. ಹೋದದ್ದು ಹಾಗೆ. ಬಾಡಿಗೆ ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂದು ಬ್ರೇಕ್ ಇನ್‌ಸ್ಪೆಕ್ಟರು ವರ್ಷ ವರ್ಷ ಪರೀಕ್ಷೆ ಮಾಡಿ ಕೊಡುವ ಕಾಗದ ಅದು. ಮುಗಿಯುವ ಹೊತ್ತಿಗೆ ವಾಮದೇವಪ್ಪನವರು ಹೇಳಿ ಕಳಿಸಿದ್ದರು. ಆದರೆ ಅವತ್ತು ಏನು ಸಿಟ್ಟಿತ್ತೋ, ಎಫ್.ಸಿ.ಯ ಹಿಂದೆ ಮುಂದೆ ಮಕ್ತುಮ್ ಸಾಬರ ಅಪ್ಪ ಅಜ್ಜ ಎಲ್ಲರನ್ನೂ ಸೇರಿಸಿದ್ದರು. ಅದರೊಳಗಿಂದ ಎಫ್.ಸಿ. ಒಂದನ್ನೇ ಹೇಗೆ ಹೆಕ್ಕುವುದೆಂದು ಕರಿಯಣ್ಣನಿಗೆ ತಿಳಿಯಲಿಲ್ಲ. ‘ಸಾವ್ಕಾರ್ರು ನಮಸ್ಕಾರ ಹೇಳ್ಯಾರ’ ಎಂದು ಚಹಾ ಕೊಟ್ಟು ಬಂದ. ವಾಮದೇವಪ್ಪನವರು, ಹೇಳಿ ಕಳಿಸಿದ್ದೇನೆ ಎಂದುಕೊಂಡರು; ಮಕ್ತುಮ್ ಸಾಬರು, ಕಾಗದ ನೋಡಿಕೊಳ್ಳುವವರು ಅವರಲ್ಲವೇ ಎಂದುಕೊಂಡರು. ಒಂದು ದಿನ ಹೊಳೆಯ ಸೇತುವೆ ಹತ್ತಿರ ಪೊಲೀಸ್ ದಫೇದಾರರು ಕಾರು ನಿಲ್ಲಿಸಿ ಕಾಗದ ಕೇಳಿದಾಗಲೇ ವಿಷಯ ಹೊರಬಿತ್ತು. ಅವತ್ತಿನಿಂದ ಗಾಡಿ ಕರಿಯಣ್ಣನ ಹೋಟೆಲಿನ ಪಕ್ಕದಲ್ಲಿ ಧೂಳು ತಿನ್ನುತ್ತ ನಿಂತಿತು.

ವಾಮದೇವಪ್ಪನವರಿಗೆ ಸಾಕಾಯಿತು. ಮಲೆಬೆನ್ನೂರಿನ ಕರಿಬಸವರಾಜ ಎಂಬ ಯುವಕ ಬಾಡಿಗೆಗೆ ಓಡಿಸಲು ಒಂದು ಕಾರು ಕೊಳ್ಳಬೇಕೆಂದು ಹುಡುಕುತ್ತಿದ್ದ. ಎಫ್.ಸಿ. ಮಾಡಿಸಿ ಕೊಡುವುದಾದರೆ ಪರೀಕ್ಷೆಯ ಜಾಗದಲ್ಲೇ ವ್ಯಾಪಾರ ಮುಗಿಸುತ್ತೇನೆ ಎಂದ. ವಾಮದೇವಪ್ಪನವರು ಒಪ್ಪಿ, ಗಾಡಿ ಮಾರುತ್ತಿದ್ದೇನೆ ಎಂದು ಮಕ್ತುಮ್ ಸಾಬರಿಗೆ ಹೇಳಿ ಕಳಿಸಿದರು. ಈ ಮಾತನ್ನು ನುಂಗುವ ಹಾಗಿರಲಿಲ್ಲ. ಕರಿಯಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಹೇಳಿದ. ಮಕ್ತುಮ್ ಸಾಬರು, ಅವರಿಷ್ಟ ಎಂದರು.

ಅಂದರಷ್ಟೇ. ಐವತ್ತು ದಾಟಿದ ಮೇಲೆ ಹೊಸ ಮಾಲೀಕ ಅವರನ್ನು ಇಟ್ಟುಕೊಳ್ಳುವುದಿಲ್ಲ, ಲಾರಿ ಏರಿ ರಾತ್ರಿ ಹಗಲು ಓಡಿಸುವ ಮೈ ಅವರದಲ್ಲ. ಆ ಗಾಡಿ ಹೋದರೆ ತಾನು ಡ್ರೈವರ್ ಅಲ್ಲ, ಏನೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಪರೀಕ್ಷೆಯ ಹಿಂದಿನ ದಿನವೆಲ್ಲ ಅವರೇ ಗಾಡಿ ತೊಳೆದರು, ದೀಪಕ್ಕೆ ಹೊಸ ಬಲ್ಬು ಹಾಕಿದರು, ಹಾರ್ನು ಸರಿ ಮಾಡಿದರು, ನಟ್ಟು ಬೋಲ್ಟು ಒಂದೊಂದನ್ನೂ ಬಿಗಿದರು. ಬೀಬಿಜಾನ್, “ಮಗಳನ್ನ ಗಂಡನ ಮನಿಗೆ ಕಳಿಸೋ ಹಂಗೆ ಮಾಡ್ತೀರಲ್ಲ” ಎಂದಾಗಲೂ ಬಾನೆಟ್ಟು ಒರೆಸುತ್ತಲೇ ಇದ್ದರು.

ಬ್ರೇಕ್ ಇನ್‌ಸ್ಪೆಕ್ಟರು ಚಿತ್ರದುರ್ಗದಿಂದ ಬಂದು ದಾವಣಗೆರೆಯ ಪ್ರವಾಸಿ ಬಂಗಲೆಯ ಮೈದಾನದಲ್ಲಿ ಕ್ಯಾಂಪು ಮಾಡುತ್ತಿದ್ದರು. ಎಫ್.ಸಿ. ಇಲ್ಲದ ಗಾಡಿ ರಸ್ತೆಗೆ ಬರಬಾರದು. ರಸ್ತೆಗೆ ಬರದೆ ಕ್ಯಾಂಪಿಗೆ ಹೋಗಿ ಎಫ್.ಸಿ. ಪಡೆಯುವುದು ಹೇಗೆ? ಕಾನೂನು ಮಾಡಿದವರಿಗೂ ಇದು ಹೊಳೆದಿರಬೇಕು, ಪರೀಕ್ಷೆಗೆ ಹೋಗುವ ಮಟ್ಟಿಗೆ ಹೋಗಬಹುದು ಎಂದು ಒಂದು ಕಿಂಡಿ ಬಿಟ್ಟಿದ್ದಾರೆ. ಇನ್‌ಸ್ಪೆಕ್ಟರ ಕಚೇರಿಯಿಂದ ಬಂದ ಚೀಟಿಯನ್ನು ದಫೇದಾರರು ಅವತ್ತು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತು ವಿವರಿಸಿದರು.

“ಸೀದಾ ಹೋಗಬೇಕು. ಅಲ್ಲಿ ಇಲ್ಲಿ ತಿರುಗಂಗಿಲ್ಲ. ಪ್ಯಾಸೆಂಜರ್ ಕೂಡಂಗಿಲ್ಲ, ಸಾಮಾನು ಹಾಕಂಗಿಲ್ಲ. ಮಾಲೀಕರು ಹೋಗಬಹುದು, ಅಷ್ಟೇ.”

ಕರಿಯಣ್ಣ ಆಗಲೇ ಹೋಟೆಲು ಹೆಂಡತಿಗೆ ಒಪ್ಪಿಸಿ, ತೊಳೆದ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ. ದಫೇದಾರರು ಅವನನ್ನು ಇಳಿಸಿದರು.

“ನಾನು ಪ್ಯಾಸೆಂಜರ್ ಅಲ್ರಿ,” ಎಂದ ಕರಿಯಣ್ಣ. “ಇವರಿಬ್ರೂ ಮಾತಾಡಬೇಕಂದ್ರೆ ನಾನು ಬೇಕು.”

“ಅಂಥ ಹುದ್ದೆ ಕಾನೂನಿನಾಗೆ ಇಲ್ಲ, ಇಳಿ,” ಎಂದರು ದಫೇದಾರರು. ಅಷ್ಟರಲ್ಲಿ ವಾಮದೇವಪ್ಪನವರು ಹಿಂದಿನ ಬಾಗಿಲಿಗೆ ಕೈಹಾಕಿದರು. “ನೀವು ಮುಂದೆ ಕೂಡ್ರಿ ಸಾವ್ಕಾರ್ರೆ. ಹಿಂದೆ ಕೂತ್ರೆ ಬಾಡಿಗೆಗೆ ಬಂದೋರು ಅಂತ ದಾವಣಗೆರೆ ಪೊಲೀಸ್ರು ಹಿಡೀತಾರೆ,” ಎಂದು ದಫೇದಾರರು ತಡೆದರು.

ಹೀಗೆ ಇಬ್ಬರು ಮಾಲೀಕರು ಭುಜಕ್ಕೆ ಭುಜ ತಾಗಿಸಿಕೊಂಡು ಹೊರಟರು. ಕರಿಯಣ್ಣ ಮಾತ್ರ, ಒಲೆ ಮೇಲೆ ಹಾಲಿಟ್ಟು ಬಂದವನಂತೆ ಚಡಪಡಿಸುತ್ತ ರಸ್ತೆಯಲ್ಲೇ ನಿಂತಿದ್ದ. ಯಾಕೆ ಅಷ್ಟು ಚಡಪಡಿಸಿದ ಎಂದು ನಮಗೆಲ್ಲ ಆಮೇಲೆ ತಿಳಿಯಿತು. ದಾರಿಯಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡು ಕಡೆಯೂ ಹೊಂದಿದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಊರು ದಾಟುವವರೆಗೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮೊದಲು ತಡೆಯಲಾಗದೆ ಹೋದವರು ವಾಮದೇವಪ್ಪನವರು. ಎದುರಿನ ಗಾಜನ್ನು ನೋಡುತ್ತ ಹೇಳಿದರು.

“ಏ ಗಾಡಿ, ಮುಂದೆ ಎತ್ತಿನ ಬಂಡಿ ಐತೆ.”

“ಗಾಡಿಗೆ ಕಣ್ಣು ಐತೆ,” ಎಂದರು ಮಕ್ತುಮ್ ಸಾಬರು, ಅವರೂ ಗಾಜಿಗೇ.

“ಕಣ್ಣು ಇದ್ದಿದ್ರೆ ಎಫ್.ಸಿ. ಮುಗಿದದ್ದು ಕಾಣ್ತಿತ್ತು. ಹೇಳಿ ಕಳಿಸಿದ್ರೂ ಕಾಣಲಿಲ್ಲ.”

“ಗಾಡಿ, ನಿನಗೆ ಯಾರಾದ್ರೂ ಹೇಳಿ ಕಳಿಸಿದ್ರೇನು? ನನಗಂತೂ ನಮಸ್ಕಾರ ಒಂದೇ ಬಂದಿದ್ದು.”

ವಾಮದೇವಪ್ಪನವರು ಹುಬ್ಬು ಗಂಟಿಕ್ಕಿದರು. ತಾವು ಯಾವತ್ತೂ ನಮಸ್ಕಾರ ಕಳಿಸಿದ ನೆನಪು ಅವರಿಗಿರಲಿಲ್ಲ. ಹಾಗೆಂದು ಗಾಡಿಗೆ ಹೇಳುವುದೂ ಸರಿ ಕಾಣಲಿಲ್ಲ.

ಬಾತಿ ಕೆರೆ ಹತ್ತಿರ ಬಂದಾಗ ಬಾನೆಟ್ಟಿನ ಕೆಳಗಿಂದ ಆವಿ ಎದ್ದಿತು. ಬಹಳ ದಿನ ನಿಂತ ಗಾಡಿ, ನೀರು ಕುಡಿಯುತ್ತಿತ್ತು. ಮಕ್ತುಮ್ ಸಾಬರು ಮರದ ನೆರಳಿಗೆ ನಿಲ್ಲಿಸಿ, ಡಬ್ಬಿ ಹಿಡಿದು ಕೆರೆಗೆ ಇಳಿದು ನೀರು ತಂದರು. ವಾಮದೇವಪ್ಪನವರು ಅಷ್ಟರಲ್ಲಿ ಕುಂಟುತ್ತ ಇಳಿದು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ನೀರು ಹೊಯ್ಯುವ ಸದ್ದು ಕೇಳುತ್ತ ಅವರ ಮನಸ್ಸು ಸ್ವಲ್ಪ ಮೆತ್ತಗಾಯಿತಂತೆ.

“ಏ ಗಾಡಿ, ಪ್ರತಿ ಶುಕ್ರವಾರ ನನ್ನ ಮಂಡಿ ನೋವು ಹೆಂಗೈತೆ ಅಂತ ಕೇಳಿ ಕಳಿಸೋರು ಇವತ್ತು ಎದುರಿಗೇ ಅದಾರ. ಇವತ್ತು ಯಾಕೆ ಕೇಳವಲ್ರು?”

ಮಕ್ತುಮ್ ಸಾಬರ ಕೈಯಲ್ಲಿ ಡಬ್ಬಿ ನಿಂತಿತು.

“ಯಾರು ಕೇಳಿ ಕಳಿಸಿದ್ರು ಅಂತ ವಿಚಾರಿಸು, ಗಾಡಿ.”

“ಮಸೀದಿಯಿಂದ ಬಂದ ಕೂಡ್ಲೆ ಕೇಳ್ತಾರಂತಲ್ಲ. ಕರಿಯಣ್ಣ ತಪ್ಪದೆ ಬಂದು ಹೇಳ್ತಾನೆ. ಸಿಟ್ಟಿದ್ರೂ ಅದೊಂದು ಮರೆತಿಲ್ಲ ಅಂತ ನಾನು ನಮ್ಮ ಮನಿಯಾಕಿ ಅನ್ನಪೂರ್ಣನ ಮುಂದೆ ಹೇಳಿದ್ದೆ.”

ಹೂಂ ಎಂದಿದ್ದರೆ ಮುಗಿದಿತ್ತು. ಒಂದು ಹೂಂ, ಅದಕ್ಕೆ ಖರ್ಚಿಲ್ಲ, ಸಾಕ್ಷಿಯಿಲ್ಲ. ನಾನಾಗಿದ್ದರೆ ಖಂಡಿತ ಅನ್ನುತ್ತಿದ್ದೆ. ಮಕ್ತುಮ್ ಸಾಬರು ಡಬ್ಬಿಯಲ್ಲಿ ಉಳಿದಿದ್ದ ನೀರನ್ನು ರೇಡಿಯೇಟರಿಗೆ ಹೊಯ್ದರು.

“ನಾನು ಕೇಳಿ ಕಳಿಸಿಲ್ಲ ಅಂತ ಹೇಳು, ಗಾಡಿ. ಮಂಡಿ ನೋವು ಐತೆ ಅಂತ ಈಗ್ಲೇ ಗೊತ್ತಾಗಿದ್ದು.”

ವಾಮದೇವಪ್ಪನವರ ಮುಖ ಸಣ್ಣದಾಯಿತು. ವರ್ಷವಿಡೀ ಶುಕ್ರವಾರ ಬಂದರೆ ಒಳಗೊಳಗೇ ಕಾಯುತ್ತಿದ್ದ ಮನುಷ್ಯ ಅವರು. ಆದರೆ ಅದಕ್ಕಿಂತ ದೊಡ್ಡ ಅನುಮಾನ ಈಗ ಮಕ್ತುಮ್ ಸಾಬರನ್ನು ಹಿಡಿದಿತ್ತು. ಡಬ್ಬಿ ಕೆಳಗಿಟ್ಟರು.

“ಹಂಗಾದ್ರೆ ಹೋದ ಉಗಾದಿಗೆ ನನಗೆ ಬಂದ ಮಾತು ಯಾರದು ಅಂತ ಕೇಳು, ಗಾಡಿ. ‘ಮಕ್ತುಮ ಸುಳ್ಳ ಅಲ್ಲ, ಸಿಟ್ಟಿನಾಗೆ ಬಾಯಿ ತಪ್ಪಿತು’ ಅಂತ ಸಾವ್ಕಾರ್ರು ಅಂದ್ರು ಅಂತ ಕರಿಯಣ್ಣ ಹೇಳಿದ್ದ. ಆ ಮಾತಿಗೇ ನಾನು ತಿರುಗಿ ಬಂದು ಈ ಚಕ್ರ ಹಿಡಿದಿದ್ದು.”

ಈಗ ವಾಮದೇವಪ್ಪನವರ ಸರದಿ. ಅವರೂ ಒಂದು ಹೂಂ ಅನ್ನಬಹುದಿತ್ತು. ಕೆರೆಯ ಕಡೆ ಮುಖ ತಿರುಗಿಸಿದರು.

“ಅಂಥ ಮಾತು ನಾನು ಹೇಳಿ ಕಳಿಸಿಲ್ಲ ಅಂತ ಹೇಳು,” ಎಂದರು.

ಮಕ್ತುಮ್ ಸಾಬರು ರೇಡಿಯೇಟರಿನ ಮುಚ್ಚಳ ತಿರುಗಿಸಿ, ಬಾನೆಟ್ಟು ಇಳಿಸಿ, ಕೈ ಒರೆಸಿಕೊಂಡು ಒಳಗೆ ಕೂತರು. ಅಲ್ಲಿಂದ ಮುಂದೆ ಗಾಡಿಯ ಜೊತೆಗೂ ಮಾತಾಡಲಿಲ್ಲ. ಕರಿಯಣ್ಣನ ಮೇಲೆ ಸಿಟ್ಟು ಬರಲಿಲ್ಲವಂತೆ. ಒಂದು ವರ್ಷ ಯಾವುದರ ಮೇಲೆ ಕಾಲಿಟ್ಟು ನಿಂತಿದ್ದರೋ ಅದು ಇರಲೇ ಇಲ್ಲ ಎಂದು ತಿಳಿದಾಗ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಮನೆಯಲ್ಲಿ ಬೀಬಿಜಾನ್‌ಗೆ, ವಾಮದೇವಣ್ಣ ತಪ್ಪು ಒಪ್ಪಿಕೊಂಡ ಎಂದು ಹೇಳಿಕೊಂಡು ಎದೆ ಉಬ್ಬಿಸಿದ್ದರು.

ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ವಾಮದೇವಪ್ಪನವರು ಬ್ರೇಕಿನ ಮಾತನ್ನು ನಂಬಿದ್ದಾರೆ, ಕೊಳ್ಳುವವನಿಗೆ ಅವರೇ ಹೇಳಿರುತ್ತಾರೆ ಎಂದು ಮಕ್ತುಮ್ ಸಾಬರು ತಿಳಿದಿದ್ದರು. ನಂಬದವರು ಏನು ಹೇಳಿರುತ್ತಾರೆ? ಹಾಗಾದರೆ ತಾವೇ ಹೇಳಬೇಕು. ಹೇಳಿದರೆ ಮಾರಾಟ ನಿಲ್ಲುತ್ತದೆ, ಗಾಡಿ ಉಳಿಯುತ್ತದೆ. ಅದು ತಮಗೆ ಬೇಕಾದದ್ದೇ ಆಗಿತ್ತು, ಬಾಯಿ ಕಟ್ಟಿದ್ದೂ ಅದರಿಂದಲೇ. ನಿಜ ಹೇಳುವುದರಿಂದ ಯಾರಿಗೆ ಲಾಭವೋ ಅವನ ನಿಜವನ್ನು ಯಾರು ನಂಬುತ್ತಾರೆ? ಒಮ್ಮೆ ನಿಕಾ ಊಟಕ್ಕಾಗಿ ಸುಳ್ಳು ಹೇಳಿದ, ಈಗ ಗಾಡಿಗಾಗಿ ಹೇಳಿದ ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ದಾವಣಗೆರೆಯ ಮಿಲ್ಲಿನ ಚಿಮಣಿಗಳು ಕಾಣುವವರೆಗೂ ಅವರಿಗೆ ದಾರಿ ಹೊಳೆಯಲಿಲ್ಲ.

ಬಂಗಲೆಯ ಮೈದಾನದಲ್ಲಿ ಲಾರಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಇನ್‌ಸ್ಪೆಕ್ಟರು ಕಿರಿ ವಯಸ್ಸಿನವರು, ಮೈಸೂರು ಕಡೆಯವರು, ಕೆಲಸದಲ್ಲಿ ಚುರುಕು. ಇವರ ಸರದಿ ಬಂದಾಗ ದೀಪ ಹಾಕಿಸಿದರು, ಹಾರ್ನು ಒತ್ತಿಸಿದರು, ಸ್ಟಿಯರಿಂಗ್ ಅಲ್ಲಾಡಿಸಿದರು, ಟಯರು ಒದ್ದರು. ಆಮೇಲೆ ತಾವೇ ಕೂತು ಮೈದಾನದಲ್ಲಿ ಎರಡು ಸುತ್ತು ಓಡಿಸಿ ಗಕ್ಕನೆ ಬ್ರೇಕ್ ಹಾಕಿದರು. ಗಾಡಿ ಹಾಕಿದಲ್ಲೇ ನಿಂತಿತು.

“ಹಳೇ ಗಾಡಿಯಾದ್ರೂ ಚೆನ್ನಾಗಿ ಇಟ್ಟಿದ್ದೀರಿ,” ಎಂದು ಕೆಳಗಿಳಿದು ಪೆನ್ನು ತೆಗೆದರು.

ಕರಿಬಸವರಾಜ ಇಬ್ಬರು ಗೆಳೆಯರೊಂದಿಗೆ ಬಂದು ಕಾಯುತ್ತಿದ್ದ. ಅವನ ಸಂತೋಷ ಮುಖದಲ್ಲೇ ಕಾಣುತ್ತಿತ್ತು. “ಶ್ರಾವಣಕ್ಕೆ ಮೊದಲ್ನೇ ಟ್ರಿಪ್ಪು ಧರ್ಮಸ್ಥಳಕ್ಕೆ,” ಎಂದು ಗೆಳೆಯರಿಗೆ ಹೇಳುತ್ತಿದ್ದ. “ನಮ್ಮವ್ವ, ಅತ್ತಿ, ಅಕ್ಕನ ಮಕ್ಕಳು ಎಲ್ಲಾರ್ನೂ ಹಾಕ್ಕೊಂಡು ಘಾಟಿ ಇಳಿಯೋದೇ.”

ಆ ಮಾತು ಕೇಳಿದ ಮೇಲೆ ಮಕ್ತುಮ್ ಸಾಬರಿಗೆ ಯೋಚನೆ ಮಾಡುವುದೇನೂ ಉಳಿಯಲಿಲ್ಲ.

“ಸ್ವಾಮಿ, ಬರೀಬ್ಯಾಡ್ರಿ,” ಎಂದರು. “ಈ ಬ್ರೇಕು ತಣ್ಣಗಿದ್ದಾಗ ಹಿಡೀತದೆ. ಜನ ತುಂಬಿ ಇಳಿಜಾರಿನಾಗೆ ಕಾದ್ರೆ ಪೆಡಲು ನೆಲಕ್ಕೆ ಹೋಗ್ತದೆ. ಘಾಟಿಗೆ ಇದು ಆಗಂಗಿಲ್ಲ.”

ಇನ್‌ಸ್ಪೆಕ್ಟರು ಮತ್ತೆ ಹತ್ತಿ ಮತ್ತೊಂದು ಸುತ್ತು ಓಡಿಸಿದರು. ಬ್ರೇಕು ಸರಿಯಾಗಿಯೇ ಹಿಡಿಯಿತು. ಮೈದಾನದಲ್ಲಿ ಘಾಟಿ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಕರಿಬಸವರಾಜನಿಗೆ ರೇಗಿತು.

“ಸ್ವಾಮಿ, ಗಾಡಿ ಮಾರಿದ್ರೆ ಈತನ ಕೆಲಸ ಹೋಗ್ತದೆ. ಅದಕ್ಕೆ ಹಿಂಗೆ ಹೇಳ್ತಾನೆ. ಹೋದ ವರ್ಷನೂ ಇದೇ ಬ್ರೇಕಿನ ನೆಪ ಹೇಳಿದ್ದ ಅಂತ ಹರಿಹರದಾಗೆ ಎಲ್ಲಾರೂ ಅಂತಾರೆ.”

“ಹೌದೇನ್ರೀ?” ಎಂದರು ಇನ್‌ಸ್ಪೆಕ್ಟರು.

“ಕೆಲಸ ಹೋಗೋದು ನಿಜ,” ಎಂದರು ಮಕ್ತುಮ್ ಸಾಬರು. “ಬ್ರೇಕು ಹೋಗೋದೂ ನಿಜ.”

ಇನ್‌ಸ್ಪೆಕ್ಟರು ವಾಮದೇವಪ್ಪನವರ ಕಡೆ ತಿರುಗಿದರು. “ನೀವೂ ಮಾಲೀಕರಲ್ವಾ? ನನ್ನ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ನೀವು ಸರಿಯಾಗಿದೆ ಅಂದ್ರೆ ಬರೆದು ಕೊಡ್ತೀನಿ. ಏನಂತೀರಿ?”

ವಾಮದೇವಪ್ಪನವರು ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದರು. ಅಲ್ಲಿ ಕರಿಯಣ್ಣ ಇರಲಿಲ್ಲ. ಎದುರಿಗೆ ದುಡ್ಡು ಹಿಡಿದುಕೊಂಡು ಬಂದವನಿದ್ದ, ಬರೆಯಲು ಸಿದ್ಧವಾದ ಪೆನ್ನಿತ್ತು. ಸರಿಯಾಗಿದೆ ಎಂದರೆ ವರ್ಷದ ತಲೆನೋವು ಇಲ್ಲಿಗೇ ಮುಗಿಯುತ್ತದೆ. ಮೇಸ್ತ್ರಿ ಹಾಗೇ ಹೇಳಿದ್ದ, ಈಗ ಸರ್ಕಾರವೂ ಹಾಗೇ ಹೇಳುತ್ತಿದೆ. ಮಕ್ತುಮ್ ಸಾಬರು ನೆಲ ನೋಡುತ್ತ ನಿಂತಿದ್ದರು, ಏಟು ಬೀಳುವುದು ಖಚಿತ ಎಂದು ತಿಳಿದವರ ಹಾಗೆ.

“ಸ್ವಾಮಿ,” ಎಂದರು ವಾಮದೇವಪ್ಪನವರು. “ಬಾತಿ ಕೆರೆ ಹತ್ತಿರ ನನ್ನ ಮಂಡಿ ನೋವಿನ ಮಾತು ಬಂತು.”

“ಮಂಡಿಗೂ ಬ್ರೇಕಿಗೂ ಏನ್ರೀ ಸಂಬಂಧ?”

“ಐತೆ, ಕೇಳ್ರಿ. ಇವನು ನನ್ನ ಮಂಡಿ ವಿಚಾರಿಸ್ತಾನೆ ಅಂತ ನಾನು ವರ್ಷದಿಂದ ತಿಳಿದಿದ್ದೆ. ಇವತ್ತು ನಾನಾಗೇ ಅದನ್ನ ಆಡಿದೆ. ಹೌದು ಅಂದಿದ್ರೆ ನಾನು ನಂಬ್ತಿದ್ದೆ, ಗಾಡಿ ಮಾರೋದನ್ನೂ ಬಿಡ್ತಿದ್ನೋ ಏನೋ. ಇವನು, ಇಲ್ಲ, ನಾನು ಕೇಳಿಲ್ಲ ಅಂದ. ಪುಕ್ಕಟೆ ಬಂದ ಒಳ್ಳೇ ಹೆಸರು ಬ್ಯಾಡ ಅನ್ನೋನು ಬ್ರೇಕಿನ ಮ್ಯಾಲೆ ಯಾಕ್ ಸುಳ್ಳು ಹೇಳ್ತಾನ್ರಿ?” ಅವರು ಕಾರಿನ ಕಡೆ ಕೈ ತೋರಿಸಿದರು. “ನಿನ್ನೆ ಇಡೀ ದಿನ ಗಾಡಿ ಇವನ ಕೈಯಾಗೇ ಇತ್ತು. ಕೆಡಿಸಬೇಕಂದ್ರೆ ಒಂದು ನಟ್ಟು ಸಡಿಲ ಮಾಡಿದ್ರೆ ಸಾಕಿತ್ತು. ಇವನು ಎಲ್ಲಾ ಬಿಗಿದು ತಂದಾನೆ. ಮಕ್ತುಮ ಹೋಗ್ತದೆ ಅಂದ್ರೆ ಬ್ರೇಕು ಹೋಗ್ತದೆ. ಬರೀಬ್ಯಾಡ್ರಿ ಸ್ವಾಮಿ.”

ಇನ್‌ಸ್ಪೆಕ್ಟರು ಇಬ್ಬರ ಮುಖವನ್ನೂ ನೋಡಿದರು. ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಎಫ್.ಸಿ. ಕೊಟ್ಟಿಲ್ಲ ಎಂದು ಬರೆದರು. ಗಾಡಿಯನ್ನು ಇಲ್ಲಿಂದ ದಾವಣಗೆರೆಯ ಯಾವುದಾದರೂ ವರ್ಕ್‌ಶಾಪಿಗೆ ಮಾತ್ರ ಒಯ್ಯಬಹುದು, ಬ್ರೇಕಿನ ಡ್ರಮ್ಮುಗಳನ್ನು ಪೂರ್ತಿ ಬದಲಾಯಿಸಿ ಮುಂದಿನ ಕ್ಯಾಂಪಿಗೆ ತರಬೇಕು ಎಂದರು. ಕರಿಬಸವರಾಜ ಏನೇನೋ ಗೊಣಗಿಕೊಂಡು ಗೆಳೆಯರ ಜೊತೆ ಹೊರಟುಹೋದ. ಇನ್ನೊಂದು ಗಾಡಿ ಮುಂದೆ ಬಂತು, ಜನ ಅದರ ಕಡೆ ಸರಿದರು.

ಇಬ್ಬರೂ ಬಂದು ಕಾರಿನಲ್ಲಿ ಕೂತರು. ಮಕ್ತುಮ್ ಸಾಬರು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೂತರು.

“ಆ ಸಾಹೇಬ್ರಿಗೆ ಹೇಳಿದ್ರಿ,” ಎಂದರು. ಗಾಜಿನ ಕಡೆ ನೋಡಲಿಲ್ಲ, ಗಾಡಿಯನ್ನು ಕರೆಯಲಿಲ್ಲ. “ಸೇರಿದ ಜನಕ್ಕೆ ಹೇಳಿದ್ರಿ. ನನಗೆ ಇನ್ನೂ ಹೇಳಿಲ್ಲ.”

ವಾಮದೇವಪ್ಪನವರು ತಲೆ ತಗ್ಗಿಸಿದರು. ಅಷ್ಟು ಜನರ ಎದುರಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು ಎಂದು ಅವರೇ ನನಗೆ ಹೇಳಿದ್ದಾರೆ. ಸೀಟಿನಲ್ಲಿ ಪೂರ್ತಿ ತಿರುಗಿ ಕೂತು, ಒಂದು ವರ್ಷದಿಂದ ನೋಡದ ಮುಖವನ್ನು ನೇರವಾಗಿ ನೋಡಿದರು. ಗಡ್ಡ ಇಷ್ಟು ಬೆಳ್ಳಗಾದದ್ದು ಅವರಿಗೆ ಗೊತ್ತೇ ಇರಲಿಲ್ಲ.

“ಮಕ್ತುಮ,” ಎಂದರು. “ನೀನು ಸುಳ್ಳ ಅಲ್ಲ. ಅವತ್ತು ನಾನು ನಿನಗೆ ಅನ್ನಬಾರದ ಮಾತು ಅಂದೆ.”

ಮಕ್ತುಮ್ ಸಾಬರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒತ್ತಿಕೊಂಡರು. ಅಳು ಬಂದದ್ದನ್ನು ಅವರು ಮುಚ್ಚಿಡಲಿಲ್ಲ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ವರ್ಕ್‌ಶಾಪು ಯಾವ ಕಡೆ ಎಂದು ವಾಮದೇವಣ್ಣನನ್ನು ಕೇಳಿದರು.